ಕಣ್ಣು ಬಾಕಿ ಇರುವ ಚಿತ್ರ

ತುಮಕೂರಿನಿಂದ ಕುಣಿಗಲ್ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಫೌಂಡ್ರಿ ಇದೆ. ಕಬ್ಬಿಣ ಕರಗಿಸಿ, ಅಚ್ಚಿಗೆ ಎರೆದು, ಪಂಪು ಮೋಟಾರುಗಳ ಭಾಗ ಮಾಡುವ ಕಾರ್ಖಾನೆ. ಅದರ ಆಫೀಸಿನ ಹಾಲಿನಲ್ಲಿ, ಬಂದವರನ್ನು ಕೂರಿಸುವ ಮೆತ್ತನೆಯ ಸೋಫಾಗಳ ಎದುರಿಗೆ, ನಾನು ಬರೆದ ಆರು ಕಾರ್ಮಿಕರ ಮುಖಗಳು ನೇತಾಡುತ್ತಿವೆ. ನೋಡಿದವರೆಲ್ಲ ಮೆಚ್ಚಿ ಮಾತಾಡುತ್ತಾರಂತೆ. ಕಾರ್ಮಿಕರ ಮೇಲೆ ಮಾಲೀಕರಿಗೆ ಎಷ್ಟು ಅಭಿಮಾನ ಎನ್ನುತ್ತಾರಂತೆ. ಅದನ್ನು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆ ಉರಿಯುತ್ತದೆ ಎಂದು ಒಂದು ಸಲ ಬರೆದಿಡುತ್ತೇನೆ. ಗುರುತು ಹತ್ತದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಮಾಲೀಕರು ಇದನ್ನು ಓದುವ ಭಯವಿಲ್ಲ. ಅವರು ಓದುವುದು ಪಂಚಾಂಗ ಒಂದನ್ನೇ.

ನಾನು ಮುಖ ಬರೆಯುವವಳು. ನಮ್ಮಪ್ಪ ಗುಬ್ಬಿಯವರು. ಮೊದಲು ನಾಟಕದ ಪರದೆ ಬರೆಯುತ್ತಿದ್ದರು, ಪರದೆ ಕೇಳುವವರು ಕಮ್ಮಿಯಾದ ಮೇಲೆ ಹಳ್ಳಿಗಳ ಮರದ ದೇವರುಗಳಿಗೆ ಹೊಸ ಬಣ್ಣ ಹಚ್ಚಿಕೊಂಡು ತಿರುಗಿದರು, ಕೊನೆಗೆ ತುಮಕೂರಿಗೆ ಬಂದು ಭಾವಚಿತ್ರದ ಅಂಗಡಿ ಇಟ್ಟರು. ಭಾವಚಿತ್ರ ಎಂದರೆ ನಮ್ಮ ಕಡೆ ಸತ್ತವರದ್ದು. ತಿಥಿಯ ಹೊತ್ತಿಗೆ ಬೇಕೆಂದು ಮನೆಯವರು ರೇಷನ್ ಕಾರ್ಡಿನಿಂದ ಕಿತ್ತ ಚಿಕ್ಕ ಫೋಟೋ ತಂದುಕೊಡುತ್ತಿದ್ದರು, ಅಪ್ಪ ಅದನ್ನು ಗೋಡೆಯಷ್ಟು ದೊಡ್ಡದು ಮಾಡಿ ಕೊಡುತ್ತಿದ್ದರು. ಬೀದಿಯ ಹೆಂಗಸರು ನಮ್ಮ ಅಂಗಡಿ ಮುಂದೆ ಮಕ್ಕಳನ್ನು ನಿಲ್ಲಿಸುತ್ತಿರಲಿಲ್ಲ. ಅಪ್ಪನ ಕೈಕೆಳಗೆ ನಾನೂ ಅದನ್ನೇ ಕಲಿತೆ. ಈಗ ಸತ್ತವರನ್ನೆಲ್ಲ ಫ್ಲೆಕ್ಸ್ ಅಂಗಡಿಯವರು ನೋಡಿಕೊಳ್ಳುತ್ತಾರೆ. ನಾನು ಸದಾಶಿವನಗರದ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಹುಡುಕಿಕೊಂಡು ಬಂದ ನಾಲ್ಕು ಜನಕ್ಕೆ ಬರೆದುಕೊಡುತ್ತೇನೆ.

ಅಪ್ಪನ ಕಾಲದಿಂದ ನಮ್ಮಲ್ಲಿ ಒಂದು ಶಾಸ್ತ್ರವಿದೆ. ಮರದ ದೇವರಿಗೆ ಹೇಗೋ ಮನುಷ್ಯರಿಗೂ ಹಾಗೆಯೇ, ಕಣ್ಣು ಕಟ್ಟಕಡೆಗೆ. ಮೂಗು, ಬಾಯಿ, ಮೀಸೆ, ರುಮಾಲು, ಹಿನ್ನೆಲೆ ಎಲ್ಲ ಮುಗಿದ ಮೇಲೆ, ಬೆಳಗ್ಗೆ ಸ್ನಾನ ಮಾಡಿ, ಯಾರ ಜೊತೆಯೂ ಮಾತಾಡದೆ ಕೂತು ಕಣ್ಣು ತೆರೆಸುವುದು. ತೆರೆಸಿದ ಮೇಲೆ ಆ ಚಿತ್ರಕ್ಕೆ ಮತ್ತೆ ಕುಂಚ ಮುಟ್ಟಿಸುವಂತಿಲ್ಲ. ಕಣ್ಣು ಬರೆಯೋವರೆಗೂ ಅದು ಬಣ್ಣ ಬಳಿದ ಬಟ್ಟೆ, ಬರೆದ ಮೇಲೆ ಮನೆಯ ಯಜಮಾನ ಎನ್ನುತ್ತಿದ್ದರು ಅಪ್ಪ. ಈ ಶಾಸ್ತ್ರವನ್ನು ನಾನು ಭಕ್ತಿಯಿಂದೇನೂ ಇಟ್ಟುಕೊಂಡವಳಲ್ಲ. ಕೈಗೆ ಹಾಗೆ ರೂಢಿಯಾಗಿತ್ತು, ಅಷ್ಟೆ. ಅದು ಮುಂದೆ ಇಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಅಪ್ಪನಿಗೂ ಗೊತ್ತಿರಲಿಕ್ಕಿಲ್ಲ.

ಆ ವರ್ಷ ಬೇಸಗೆ ಮುಗಿಯುವ ಹೊತ್ತಿಗೆ ಫೌಂಡ್ರಿಯ ಮಾಲೀಕರು ಮನೆಗೆ ಬಂದರು. ಹಣೆ ತುಂಬ ವಿಭೂತಿ, ಮೃದುವಾದ ಮಾತು. ತಮ್ಮ ತಂದೆಯ ಚಿತ್ರವನ್ನು ನಮ್ಮಪ್ಪನೇ ಬರೆದದ್ದು ಎಂದು ನೆನೆದರು. ಹೊರದೇಶದ ಗಿರಾಕಿಗಳು ಕಾರ್ಖಾನೆ ನೋಡಲು ಬರುವವರಿದ್ದಾರೆ, ಆಫೀಸು ಹೊಸದು ಮಾಡುತ್ತಿದ್ದೇವೆ, ಗೋಡೆಗೆ ಆರು ಜನ ಕಾರ್ಮಿಕರ ಚಿತ್ರ ಬೇಕು ಎಂದರು. ಬದುಕಿರುವವರನ್ನು ಬರೆಯುವ ಕೆಲಸ ಬಂದಿದ್ದೇ ಅಪರೂಪ, ನನಗೆ ನಿಜವಾಗಿಯೂ ಖುಷಿಯಾಯಿತು. ಫೋಟೋ ಕಳಿಸುತ್ತೇವೆ ಎಂದವರಿಗೆ, ಎದುರಿಗೆ ಕೂರಿಸಿಯೇ ಬರೆಯುತ್ತೇನೆ ಎಂದೆ. ಅವರು ಒಪ್ಪಿದರು. ಒಂದೇ ಒಂದು ಅಪ್ಪಣೆ ಕೊಟ್ಟರು, ಎಲ್ಲರ ಹಿಂದೆಯೂ ಬೆಂಕಿ ಕಾಣಬೇಕು. ಬೆಂಕಿಯ ಹತ್ತಿರಕ್ಕೂ ಹೋಗದೆ ಮರಳಿನ ಅಚ್ಚು ತಟ್ಟುವವನ ಹಿಂದೆಯೂ ಬೆಂಕಿ, ಎರಕದ ಅಂಚು ಉಜ್ಜುವವನ ಹಿಂದೆಯೂ ಬೆಂಕಿ. ಸರಿ, ಬೆಂಕಿಗೇನು ಬರ, ಬರೆದರಾಯಿತು ಎಂದುಕೊಂಡೆ.

ಮೊದಲ ದಿನ ಹೋದಾಗ ಕುಲುಮೆಯ ಮೇಲಿನ ತೊಲೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದು ಕಂಡೆ. ಪ್ರತಿ ಅಮಾವಾಸ್ಯೆ ಬದಲಿಸುತ್ತಾರಂತೆ, ಒಂದು ಸಲವೂ ತಪ್ಪಿಲ್ಲವಂತೆ. ರಾಹುಕಾಲದಲ್ಲಿ ಲಾರಿ ಗೇಟು ದಾಟುವುದಿಲ್ಲ. ಪೂಜೆಯಾಗದೆ ಕುಲುಮೆ ಹೊತ್ತಿಸುವುದಿಲ್ಲ. ವರ್ಷಕ್ಕೊಂದು ಸಲ ಮಾಲೀಕರು ದೇವರಾಯನದುರ್ಗದ ಬೆಟ್ಟವನ್ನು ಬರಿಗಾಲಲ್ಲಿ ಹತ್ತುತ್ತಾರೆ. ಇಷ್ಟೆಲ್ಲ ಕಾಪಾಡಿಕೊಂಡ ಕುಲುಮೆಯ ಮುಂದೆ ಮೂರು ಜನ ನಿಂತಿದ್ದರು. ಕೈಗೆ ಅಲ್ಲಲ್ಲಿ ಸುಟ್ಟು ಕಪ್ಪಾದ ಗ್ಲೌಸು, ತಲೆಗೆ ಟವೆಲ್, ಮುಖಕ್ಕೆ ಏನೂ ಇಲ್ಲ. ಕಬ್ಬಿಣ ನೀರಿನ ಹಾಗೆ ಕರಗಿ ಬಾನಿಗೆ ಬೀಳುವಾಗ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ, ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು. ಕುಲುಮೆಗೆ ದೃಷ್ಟಿ ತಾಗಬಾರದೆಂದು ಅಷ್ಟು ಏರ್ಪಾಟು. ಅದರ ಮುಂದೆ ನಿಂತವನ ದೃಷ್ಟಿ ಕೇಳುವವರಿಲ್ಲ.

ಆ ಮೂವರಲ್ಲಿ ಹಿರಿಯವನೊಬ್ಬನನ್ನು ನನ್ನ ಆರು ಜನರ ಪಟ್ಟಿಗೆ ಸೇರಿಸಿದ್ದರು. ಐವತ್ತರ ಹತ್ತಿರದ ಮನುಷ್ಯ, ಕುಣಿಗಲ್ ಕೆರೆಯ ಆಚೆಯ ಹಳ್ಳಿಯವನು, ಕುಲುಮೆಯ ಕೆಲಸದಲ್ಲೇ ತಲೆ ನರೆತವನು. ಎಡಗಣ್ಣು ಪೂರ್ತಿ ಬೆಳ್ಳಗಾಗಿತ್ತು. ಬಾನಿಯಲ್ಲಿ ಒಂದಿಷ್ಟು ತೇವವಿತ್ತಂತೆ, ಕಬ್ಬಿಣ ಬೀಳುತ್ತಲೇ ಸಿಡಿಯಿತಂತೆ. ಮಾಲೀಕರು ತಾವೇ ಆಸ್ಪತ್ರೆಗೆ ಹೋಗಿ, ಹಣ್ಣು ಕೊಟ್ಟು, ಗ್ರಹಚಾರ ಕಣಪ್ಪ, ಯಾರೇನು ಮಾಡೋಕಾಗುತ್ತೆ ಎಂದು ಕೈ ಹಿಡಿದುಕೊಂಡು ಹೇಳಿದರಂತೆ. ಗಾಯ ಮಾಸಿದ ಮೇಲೆ ಅವನು ಮತ್ತೆ ಅದೇ ಕುಲುಮೆಯ ಮುಂದೆ ಬಂದು ನಿಂತ. ಬೇರೆ ಕೆಲಸ ಗೊತ್ತಿಲ್ಲ, ಬೇರೆ ಕಡೆ ಒಕ್ಕಣ್ಣನನ್ನು ಯಾರೂ ತಗೊಳ್ಳುವುದಿಲ್ಲ. ಈಗ ಉಳಿದಿರುವುದು ಬಲಗಣ್ಣೊಂದು. ಅದನ್ನು ಮುಂದಿಟ್ಟುಕೊಂಡು ದಿನವೂ ಆ ಬೆಂಕಿಯ ಎದುರಿಗೆ ನಿಲ್ಲುತ್ತಿದ್ದ.

ನಾನು ಕ್ಯಾನ್ವಾಸು ನಿಲ್ಲಿಸುವ ಹೊತ್ತಿಗೆ ಸ್ಟೋರಿನಿಂದ ಒಂದು ಪೊಟ್ಟಣ ಬಂತು. ಸ್ಟೋರು ನೋಡಿಕೊಳ್ಳುತ್ತಿದ್ದವರು ತುಮಕೂರಿನವರೇ, ಮಾತು ಕಮ್ಮಿಯ ಹಿರಿಯ ಸಾಬರು. ಪೊಟ್ಟಣದೊಳಗೆ ಹೊಚ್ಚ ಹೊಸ ಫೇಸ್ ಶೀಲ್ಡ್ ಇತ್ತು. ತಲೆಗೆ ಪಟ್ಟಿ, ಮುಖದ ಮುಂದೆ ಗದ್ದದ ಕೆಳಗಿನವರೆಗೆ ಇಳಿಯುವ ಹೊಂಬಣ್ಣದ ದಪ್ಪ ಪ್ಲಾಸ್ಟಿಕ್ಕು. ಅದರ ಮೇಲಿನ ತೆಳ್ಳನೆಯ ಪೊರೆಯನ್ನೂ ಯಾರೂ ಬಿಚ್ಚಿರಲಿಲ್ಲ. ಚಿತ್ರದಲ್ಲಿ ಎಲ್ಲರಿಗೂ ಇದನ್ನು ಹಾಕಿಸಬೇಕು ಎಂದು ಮಾಲೀಕರ ಅಪ್ಪಣೆಯಾಗಿದೆ ಎಂದರು ಸಾಬರು. ಉಳಿದವು ಎಲ್ಲಿ ಎಂದು ಕೇಳಿದೆ. ಅವರು ನನ್ನ ಮುಖ ನೋಡದೆ, ಇರೋದು ಇದೊಂದೇ ಮೇಡಂ ಎಂದರು.

ಒಂದು ಶೀಲ್ಡು, ಆರು ಮುಖ. ಮದುವೆಮನೆಯಲ್ಲಿ ಒಂದೇ ಕೋಟನ್ನು ಅಣ್ಣತಮ್ಮಂದಿರೆಲ್ಲ ಸರದಿಯಲ್ಲಿ ಹಾಕಿಕೊಂಡು ಫೋಟೋ ತೆಗೆಸಿಕೊಂಡ ಹಾಗೆ. ನಾನು ಹೇಳಿಕೇಳಿ ಬಾಯಿ ಜೋರಿನವಳು. ನೆಟ್ಟಗೆ ಆಫೀಸಿಗೆ ಹೋಗಿ ಕೇಳಿದೆ. ಮಾಲೀಕರು ಕಾಫಿ ತರಿಸಿದರು. ಆರ್ಡರ್ ಹಾಕಿದ್ದೇವೆ, ಬರುತ್ತೆ ಎಂದರು. ಕೊಟ್ಟರೂ ಇವರು ಹಾಕಿಕೊಳ್ಳುವುದಿಲ್ಲ, ಸೆಕೆ ಅಂತಾರೆ ಎಂದರು. ಯಾವತ್ತಾದರೂ ಕೊಟ್ಟು ನೋಡಿದ್ದೀರಾ ಎಂದರೆ ನಕ್ಕು, ನೀವು ಕಲಾವಿದರು, ನಿಮ್ಮ ಮನಸ್ಸು ಸೂಕ್ಷ್ಮ ಎಂದರು. ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ. ಲೋಟ ಅವರ ಮೇಜಿನ ಮೇಲೆ ಹಾಗೇ ಇಟ್ಟು ಎದ್ದು ಬಂದೆ.

ಕೆಲಸವನ್ನೇ ಬಿಟ್ಟುಹೋಗುವ ಮನಸ್ಸಾಗಿತ್ತು. ಸರ್ಕಾರಿ ಕಚೇರಿಗೆ ದೂರು ಕೊಡುತ್ತೇನೆ ಎಂದು ಕುಲುಮೆಯ ಆ ಹಿರಿಯವನಿಗೆ ಹೇಳಿಯೂ ಬಿಟ್ಟೆ. ಅವನು ಸುತ್ತಮುತ್ತ ನೋಡಿ, ದಮ್ಮಯ್ಯ ಬ್ಯಾಡಿ ಅಕ್ಕ ಎಂದ. ಅವನು ಕಂಟ್ರಾಕ್ಟಿನ ಕೂಲಿ. ಹಿಂದೆ ಯಾರೋ ಒಬ್ಬ ದೂರು ಕೊಟ್ಟಿದ್ದನಂತೆ. ಸರ್ಕಾರದವರು ನೋಡಲು ಬಂದ ದಿನ ಎಲ್ಲ ಸರಿಯಿತ್ತಂತೆ, ಆ ಮನುಷ್ಯ ಮಾತ್ರ ಮಾರನೆಯ ವಾರದಿಂದ ಕಾರ್ಖಾನೆಯಲ್ಲಿ ಕಾಣಲಿಲ್ಲವಂತೆ. ನನ್ನ ಸಿಟ್ಟು ನನ್ನ ಹತ್ತಿರವೇ ಉಳಿಯಿತು. ಸಿಟ್ಟು ಮಾಡಿಕೊಂಡು ಮನೆಗೆ ಹೋಗುವ ಸ್ವಾತಂತ್ರ್ಯ ನನಗಿತ್ತು, ಅವನಿಗೆ ಅದೂ ಇರಲಿಲ್ಲ.

ಹೀಗೆ ಬರೆಯಲು ಕೂತೆ. ಶೀಲ್ಡು ಚಿತ್ರದ ಕೆಲಸಕ್ಕೆಂದು ನನ್ನ ಹೆಸರಿನಲ್ಲಿ ಸ್ಟೋರಿನಿಂದ ಹೊರಗೆ ಬಂದಿದ್ದರಿಂದ, ಕೆಲಸ ಮುಗಿಯಿತೆಂದು ನಾನು ಹೇಳುವ ತನಕ ಒಳಗೆ ಹೋಗುವಂತಿರಲಿಲ್ಲ. ಹೊರಗಿನವರಿಗೆ ಏನೇ ಕೊಟ್ಟರೂ ಆ ಕಾರ್ಖಾನೆಯಲ್ಲಿ ಅದೇ ಪದ್ಧತಿ. ಒಬ್ಬೊಬ್ಬರನ್ನೇ ಕೂರಿಸಿ, ಅದನ್ನು ತೊಡಿಸಿ ಬರೆದು, ಸಂಜೆ ಕುಲುಮೆಯ ಪಕ್ಕದ ಮೊಳೆಗೆ ತಗುಲಿಹಾಕಿ ಹೋಗುತ್ತಿದ್ದೆ. ಒಂದು ದಿನ ಊಟ ಮುಗಿಸಿ ಬರುವಾಗ ನೋಡುತ್ತೇನೆ, ಕಬ್ಬಿಣ ಬಾನಿಗೆ ಬೀಳುತ್ತಿದೆ, ಹಿರಿಯವನು ಶೀಲ್ಡು ಹಾಕಿಕೊಂಡು ನಿಂತಿದ್ದಾನೆ. ಮುಖ ಪಕ್ಕಕ್ಕೆ ತಿರುಗಿಸಿಲ್ಲ. ನೆಟ್ಟಗೆ ನೋಡುತ್ತಿದ್ದಾನೆ. ಬಾನಿ ತುಂಬಿದ ಮೇಲೆ ಅದನ್ನು ತೆಗೆದು ಅಚ್ಚಿಗೆ ಎರೆಯುವವನಿಗೆ ಕೊಟ್ಟ. ಎರೆದಾದ ಮೇಲೆ ಅದು ಕಿಟ್ಟ ತೆಗೆಯುವ ಮೂರನೆಯವನ ತಲೆಗೆ ಹೋಯಿತು. ಪೊರೆಯನ್ನು ಯಾವಾಗಲೋ ಉಗುರಿನಿಂದ ನೀಟಾಗಿ ಬಿಡಿಸಿ, ಮಡಿಸಿ, ಅದೇ ಮೊಳೆಗೆ ಸಿಕ್ಕಿಸಿದ್ದರು.

ನನ್ನನ್ನು ಕಂಡು ಹಿರಿಯವನಿಗೆ ನಾಚಿಕೆಯಾಯಿತು, ನನ್ನ ಸಾಮಾನು ಮುಟ್ಟಿದ ಹಾಗೆ. ಒಂದಿಷ್ಟು ಹೊತ್ತು ಬಿಟ್ಟು ಹತ್ತಿರ ಬಂದು ಮೆಲ್ಲಗೆ ಹೇಳಿದ:

“ಬಿರ್‍ರನೆ ಮುಗಿಸ್ಬ್ಯಾಡಿ ಅಕ್ಕ. ನಿಮ್ ಚಿತ್ರ ಮುಗಿಯೋಗಂಟ ಇದು ಈಚೆ ಇರ್ತದೆ.”

ಆ ಮಾತು ಕೇಳಿ ನನಗೆ ಅಳುವೂ ಬಂತು, ಮಾಲೀಕರ ಆಫೀಸಿನ ಗಾಜು ಒಡೆಯುವಷ್ಟು ಕೋಪವೂ ಬಂತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಹಾಗಾಯಿತು. ಗೋಡೆಯ ಅಲಂಕಾರಕ್ಕೆಂದು ತಂದ ವಸ್ತುವಿನಿಂದ ಒಬ್ಬ ಮನುಷ್ಯ ಕಣ್ಣು ಉಳಿಸಿಕೊಳ್ಳಬೇಕು. ಅದೂ ಕದ್ದು. ಅದೂ ನಾನು ಎಷ್ಟು ಸೋಮಾರಿಯಾಗುತ್ತೇನೆ ಎನ್ನುವುದರ ಮೇಲೆ. ಒಂದೇ ಕೂರಿಕೆಗೆ ಮುಖ ಎಬ್ಬಿಸಿಬಿಡುತ್ತಾಳೆ ಎಂದು ಊರಲ್ಲಿ ಹೆಸರಿದ್ದವಳು ನಾನು. ಅವತ್ತಿನಿಂದ ನನ್ನಷ್ಟು ನಿಧಾನದ ಕಲಾವಿದೆ ತುಮಕೂರು ಜಿಲ್ಲೆಯಲ್ಲೇ ಇರಲಿಲ್ಲ.

ಉಳಿದ ಐದು ಚಿತ್ರಗಳನ್ನು ಹೇಗೋ ಎಳೆದೆ. ಬಣ್ಣ ಒಣಗಿಲ್ಲ ಎಂದೆ. ಮಳೆಯ ಮೋಡಕ್ಕೆ ಬೆಳಕು ಸಾಲದು ಎಂದೆ. ಕುಲುಮೆಯವನದನ್ನು ಕೊನೆಗೆ ಇಟ್ಟುಕೊಂಡು, ಒಂದು ಕಿವಿಗೆ ಒಂದು ವಾರ ಹಿಡಿದೆ. ಈ ನಡುವೆ ಒಂದು ಭಾನುವಾರ ಅವನ ಹೆಂಡತಿ ಮನೆ ಹುಡುಕಿಕೊಂಡು ಬಂದಳು. ಗೋಡೆಗೆ ಒರಗಿಸಿದ್ದ ಹಳೆಯ ಭಾವಚಿತ್ರಗಳನ್ನು ನೋಡುತ್ತಲೇ ಅವಳ ಮುಖ ಬಿಗಿಯಿತು. ಬದುಕಿರೋರನ್ನ ಹಿಂಗೆ ಗೋಡೆಗೆ ಹಾಕ್ತಾರಾ, ಒಂದು ಕಣ್ಣು ಹೋಗಿದ್ದು ಸಾಲದಾ ಎಂದು ಕೇಳಿದಳು. ಚಿತ್ರ ನಿಲ್ಲಿಸಬೇಕೆಂದು ಹೇಳಲು ಊರಿಂದ ಬಂದಿದ್ದಳು. ನಾನು ಕೂರಿಸಿ, ನೀರು ಕೊಟ್ಟು, ಶೀಲ್ಡಿನ ವಿಷಯ ಹೇಳಿದೆ. ಗಂಡ ಅವಳಿಗೆ ಇದ್ಯಾವುದನ್ನೂ ಹೇಳಿರಲಿಲ್ಲ. ನೀರು ಕುಡಿದು ಲೋಟ ಕೆಳಗಿಟ್ಟು, ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು.

“ಹಂಗಾದ್ರೆ ನೀವು ವರ್ಷಗಟ್ಲೆ ಬರೀರಿ ಅಕ್ಕ, ನಾನ್ ಬ್ಯಾಡ ಅನ್ನಲ್ಲ.”

ಮಾಲೀಕರಿಗೆ ತಾಳ್ಮೆ ತಪ್ಪತೊಡಗಿತ್ತು. ಒಂದು ದಿನ ತಾವೇ ಕುಲುಮೆಯ ಹತ್ತಿರ ಬಂದರು. ಚಿತ್ರ ನೋಡಿ, ಎಲ್ಲ ಆಗಿದೆಯಲ್ಲ, ಕಣ್ಣೊಂದು ಬರೆದುಬಿಟ್ಟರೆ ಮುಗೀತು ಎಂದರು. ಆಗ ನನಗೆ ಅಪ್ಪನ ಶಾಸ್ತ್ರ ನೆನಪಾಯಿತು. ಮುಖ ಗಂಭೀರ ಮಾಡಿಕೊಂಡು ಹೇಳಿದೆ, ಇದು ಆಷಾಢ ಸ್ವಾಮಿ, ಆಷಾಢದಲ್ಲಿ ಕಣ್ಣು ತೆರೆಸಬಾರದು, ತೆರೆಸಿದರೆ ಚಿತ್ರ ಇಟ್ಟ ಮನೆಗೆ ಆಗಿಬರುವುದಿಲ್ಲ. ಅಪ್ಪ ಹಾಗೆ ಯಾವತ್ತೂ ಹೇಳಿರಲಿಲ್ಲ, ಆಷಾಢದಲ್ಲೂ ಜನ ಸಾಯುತ್ತಿದ್ದರು, ಅಪ್ಪ ಬರೆಯುತ್ತಿದ್ದರು. ಆದರೆ ಮಾಲೀಕರು ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು. ಬೇಡ ಬೇಡ, ಶಾಸ್ತ್ರ ಬಿಡಬಾರದು, ಶ್ರಾವಣ ಬರಲಿ ಎಂದರು. ನೋಡಿ, ಕರಗಿದ ಕಬ್ಬಿಣಕ್ಕೆ ಹೆದರದ ಮನುಷ್ಯ ಆಷಾಢಕ್ಕೆ ಹೆದರಿದ. ತನ್ನ ಮುಖದ ಎದುರಿಗೆ ಸಿಡಿಯುವುದಲ್ಲವಲ್ಲ ಕಬ್ಬಿಣ.

ಪಕ್ಕದಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡ ಸ್ಟೋರಿನ ಸಾಬರು ಮಾಲೀಕರು ಹೋದ ಮೇಲೆ ಕನ್ನಡಕ ಒರೆಸಿಕೊಂಡು, ನಮ್ಮಲ್ಲಿ ಇದೆಲ್ಲ ಇಲ್ಲ ಮೇಡಂ, ಆದ್ರೆ ನಿಮ್ಮ ಶಾಸ್ತ್ರ ನೀವು ಗಟ್ಟಿಯಾಗಿ ಹಿಡ್ಕೊಳಿ ಎಂದರು. ಆ ಮನುಷ್ಯ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೊಂದೇ ಸಲ.

ಆಷಾಢ ಪೂರ್ತಿ ಶೀಲ್ಡು ಮೂರು ತಲೆಗಳ ಮೇಲೆ ಸುತ್ತಿತು. ಒಂದು ಮಧ್ಯಾಹ್ನ ನನ್ನ ಕಣ್ಣೆದುರಿಗೇ ಬಾನಿ ಸಿಡಿಯಿತು. ಮಳೆಗಾಲದ ತೇವ. ಕಿಡಿಗಳು ಶೀಲ್ಡಿಗೆ ಬಡಿದು ಉದುರಿದವು. ಹಿರಿಯವನು ಅದನ್ನು ಬಿಚ್ಚಿ, ಬಲಗಣ್ಣಿನ ನೇರಕ್ಕೆ ಪ್ಲಾಸ್ಟಿಕ್ಕಿನಲ್ಲಿ ಆಗಿದ್ದ ಸುಟ್ಟ ಚುಕ್ಕಿಗಳನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ನನಗೂ ತೋರಿಸಿದ. ಅವತ್ತು ಯಾವ ನೆಪವೂ ಇಲ್ಲದೆ ಕುಂಚ ತೊಳೆದಿಟ್ಟೆ. ಸಂಜೆ ಹೋಗಿ ಆ ಚುಕ್ಕಿಗಳ ವಿಷಯ ಮಾಲೀಕರಿಗೆ ಹೇಳಿದೆ. ಅವರು ಮೊದಲು ಕೇಳಿದ್ದು, ಚಿತ್ರದಲ್ಲಿ ಚುಕ್ಕಿ ಕಾಣುತ್ತಾ ಎಂದು.

ಶ್ರಾವಣ ಬಂದೇ ಬಂತು. ಹೊರದೇಶದವರು ಬರುವ ಶುಕ್ರವಾರ ಗೊತ್ತಾಯಿತು, ಮುಹೂರ್ತ ನೋಡಿಯೇ ಇಟ್ಟಿದ್ದರು, ನನಗೆ ನೆಪ ಉಳಿಯಲಿಲ್ಲ. ಐದು ಚಿತ್ರಗಳ ಕಣ್ಣು ತೆರೆಸಿಕೊಟ್ಟೆ. ಆರನೆಯದರ ಬಗ್ಗೆ ಮಾಲೀಕರು ಫೋನು ಮಾಡಿ ಇನ್ನೊಂದು ಮಾತು ಸೇರಿಸಿದರು. ಅವನ ಎಡಗಣ್ಣು ಸರಿಮಾಡಿಬಿಡಿ ಮೇಡಂ, ಬಂದವರ ಮುಂದೆ ಚೆನ್ನಾಗಿರಲ್ಲ, ನಿಮ್ಮ ಕೈಯಲ್ಲೇ ಇದೆಯಲ್ಲ ಎಂದರು. ಫೋನು ಇಟ್ಟ ಮೇಲೆ ಒಬ್ಬಳೇ ಕೋಣೆಯಲ್ಲಿ ಕೂತು ಅವರನ್ನು ಬಾಯಿಗೆ ಬಂದ ಹಾಗೆ ಬೈದೆ. ನನ್ನ ಕೈಯಲ್ಲಿದೆಯಂತೆ. ಅವರ ಕಾರ್ಖಾನೆ ಕಿತ್ತುಕೊಂಡ ಕಣ್ಣನ್ನು ನಾನು ಬಿಳಿ ಕಪ್ಪು ಬಣ್ಣದಲ್ಲಿ ತುಂಬಿಕೊಡಬೇಕು. ಬಂದವರು ನೋಡಿ ಹೊಗಳಬೇಕು. ಅವನು ಆ ಎರಡು ಕಣ್ಣಿನ ಚಿತ್ರದ ಹಿಂದಿನ ಗೋಡೆಯ ಆಚೆ ಒಂದೇ ಕಣ್ಣಿನಲ್ಲಿ ಕಬ್ಬಿಣ ಕರಗಿಸಬೇಕು, ಮುಖಕ್ಕೆ ಏನೂ ಇಲ್ಲದೆ.

ಮಾರನೆಯ ಬೆಳಗ್ಗೆ ಸ್ನಾನ ಮಾಡಿ, ಕಾರ್ಖಾನೆಗೆ ಹೋಗಿ ಚಿತ್ರದ ಮುಂದೆ ಕೂತೆ. ಎಡಗಣ್ಣನ್ನು ಬರೆಯಲಿಲ್ಲ, ಬಲಗಣ್ಣನ್ನೂ ಬರೆಯಲಿಲ್ಲ. ಶೀಲ್ಡಿನ ಮೇಲೆ ಕಬ್ಬಿಣದ ಬೆಳಕು ಬೀಳುವಾಗ ಹೊಂಬಣ್ಣದಲ್ಲಿ ಒಂದು ಉರಿ ಏಳುತ್ತಿತ್ತು. ಅದನ್ನು ಅಷ್ಟು ದಿನ ನೋಡಿದವಳಲ್ಲವೇ ನಾನು. ಕಣ್ಣಿರಬೇಕಾದ ಜಾಗದ ಮೇಲೆ ಅಡ್ಡಡ್ಡ ಆ ಉರಿಯನ್ನೇ ಬರೆದೆ. ನೋಡಿದವರಿಗೆ ಬೆಂಕಿಯ ಹೊಳಪಿನ ಹಿಂದೆ ಎರಡು ಕಣ್ಣು ಇವೆ ಎನ್ನಿಸಬೇಕು. ಒಳಗೆ ಬರಿಯ ಬಣ್ಣ ಬಳಿದ ಬಟ್ಟೆ ಇದೆ ಎಂದು ನಮ್ಮ ಕಸುಬಿನವರು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಮಾಲೀಕರು ಹಿಗ್ಗಿದರು. ಇದೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದು ನಡುವೆ ತೂಗುಹಾಕಿಸಿದರು. ಆರೂ ಜನ ಒಂದೇ ಶೀಲ್ಡು ಹಾಕಿಕೊಂಡು, ಬೆಂಕಿಯ ಮುಂದೆ ನಿಂತು, ಹಾಲಿಗೆ ಬಂದವರನ್ನು ಸ್ವಾಗತಿಸಿದರು.

ಬಂದವರು ಆಫೀಸಿನಲ್ಲೇ ತಿಂಡಿ ತಿಂದು, ಚಿತ್ರಗಳ ಮುಂದೆ ಫೋಟೋ ತೆಗೆಸಿಕೊಂಡು, ಕುಲುಮೆಯನ್ನು ಗಾಜಿನ ಕಿಟಕಿಯಿಂದ ನೋಡಿ ಹೋದರಂತೆ. ನಾನು ಆ ಶುಕ್ರವಾರ ಹೋಗಲಿಲ್ಲ. ಶನಿವಾರ ನನ್ನ ಬಣ್ಣದ ಪೆಟ್ಟಿಗೆ ತರಲು ಹೋದಾಗ ಸಾಬರು ಸ್ಟೋರಿನ ಬಾಗಿಲಲ್ಲಿ ನಿಂತಿದ್ದರು. ಕೆಲಸ ಮುಗಿಯಿತಾ ಮೇಡಂ, ಶೀಲ್ಡು ಒಳಗಿಡಬಹುದಾ ಎಂದು ಕೇಳಿದರು. ನಾನು ಅವರಿಗೊಬ್ಬರಿಗೆ ನಿಜ ಹೇಳಿದೆ, ಐದು ಮುಗಿದಿವೆ, ಆರನೆಯದಕ್ಕೆ ಕಣ್ಣು ಬಾಕಿ ಇದೆ ಎಂದು. ಅವರು ಹಾಲಿನ ಕಡೆಗೊಮ್ಮೆ, ಕುಲುಮೆಯ ಕಡೆಗೊಮ್ಮೆ ನೋಡಿ, ಹಾಗಾದರೆ ಕೆಲಸ ನಡೀತಿದೆ ಎಂದಾಯಿತು ಎಂದು ಒಳಗೆ ಹೋದರು.

ಮೂರು ಜನಕ್ಕೆ ಮೂರು ಶೀಲ್ಡು ತರಿಸಲು ಒಂದು ಫೋನು ಸಾಕು. ಆ ಆರ್ಡರು ಇವತ್ತಿಗೂ ದಾರಿಯಲ್ಲೇ ಇದೆ. ನಿಂಬೆಹಣ್ಣು ಮಾತ್ರ ಅಮಾವಾಸ್ಯೆಗೆ ತಪ್ಪದೆ ಬರುತ್ತದೆ. ಸುಟ್ಟ ಚುಕ್ಕಿಗಳು ತುಂಬಿದ ಆ ಒಂದೇ ಶೀಲ್ಡು ಅದೇ ಮೊಳೆಯ ಮೇಲಿದೆ, ಅದೇ ಮೂರು ತಲೆಗಳ ಮೇಲೆ ತಿರುಗುತ್ತಿದೆ. ಇದನ್ನು ಗೆಲುವು ಎಂದು ಯಾರಾದರೂ ನನಗೆ ಹೇಳಿದರೆ ಅವರಿಗೂ ಬೈಯುತ್ತೇನೆ. ಒಬ್ಬ ಮನುಷ್ಯನ ಕಣ್ಣು ಕಾಯಲು ಒಬ್ಬ ಸಾಬರು ಮತ್ತು ಒಬ್ಬ ಚಿತ್ರ ಬರೆಯುವವಳು ಕಳ್ಳರ ಹಾಗೆ ಸುಳ್ಳು ಕಟ್ಟಬೇಕಾದ ಊರಿನಲ್ಲಿ ಗೆದ್ದವರು ಯಾರು?

ತಿಂಗಳ ಕೊನೆಗೆ ಸ್ಟೋರಿನ ಸಾಮಾನು ಎಣಿಸುವ ದಿನ ಸಾಬರ ಫೋನು ಬರುತ್ತದೆ. ಚಿತ್ರ ಗೋಡೆಯ ಮೇಲಿದ್ದರೂ, ನಾನು ಮುಗಿಯಿತು ಎನ್ನದೆ ಸ್ಟೋರಿನ ಪುಸ್ತಕದಲ್ಲಿ ಶೀಲ್ಡು ವಾಪಸು ಬಂತೆಂದು ಬರೆಯುವಂತಿಲ್ಲ. ಪಕ್ಕದಲ್ಲಿ ಆಫೀಸಿನವರು ಇರುತ್ತಾರೆ, ಅದಕ್ಕೇ ಗಟ್ಟಿಯಾಗಿ, ಅಪರಿಚಿತರ ಹಾಗೆ ಕೇಳುತ್ತಾರೆ.

“ಚಿತ್ರದ ಕೆಲಸ ಮುಗೀತಾ ಮೇಡಂ?”

ಅವರ ದನಿಯ ಹಿಂದೆ ಕುಲುಮೆಯ ಮೊರೆತ ಕೇಳಿಸುತ್ತದೆ. ಅದರ ಮುಂದೆ ಅವನು ನಿಂತಿದ್ದಾನೆ ಎಂದು ನನಗೆ ಗೊತ್ತು.

“ಇಲ್ಲ,” ಎನ್ನುತ್ತೇನೆ. “ಇನ್ನೂ ಕಣ್ಣು ಬಾಕಿ ಇದೆ.”